ತನಿಖೆಯ ಮೇಲೆ ಕಣ್ಣಿಡುವವರು ಯಾರು?

ಗೆಳೆಯಾ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಪೊಲೀಸರ ಕೆಲಸಕ್ಕೆ ಇನ್ನೊಬ್ಬರ ಕಾವಲು ಯಾಕೆ, ಅವರಿಗೇ ಗೊತ್ತಿಲ್ವಾ ಅಂತ. ಗೊತ್ತಿದೆ ಮಾರಾಯ. ಆದರೆ ಕೇಳುವವರಿಲ್ಲದ ಫೈಲು ಮೇಲಕ್ಕೆ ಬರುವುದಿಲ್ಲ.

ಸಂಶೋಧಕ ಎಂ.ಎಂ. ಕಲಬುರ್ಗಿಯವರ ಕೇಸನ್ನೇ ನೋಡು. 2015ರ ಆಗಸ್ಟ್ 30, ಭಾನುವಾರ ಬೆಳಗ್ಗೆ, ಧಾರವಾಡದ ಮನೆಯಲ್ಲೇ ಗುಂಡಿಟ್ಟು ಕೊಂದರು. ಕೇಸು ಸಿಐಡಿಗೆ ಹೋಯಿತು. ಆಮೇಲೆ ವರ್ಷ ಒಂದಾಯಿತು, ಎರಡಾಯಿತು, ಮೂರೂ ಆಯಿತು. ಸತ್ತವರು ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ಇಡೀ ನಾಡಿಗೇ ಗೊತ್ತಿದ್ದವರು, ಅಷ್ಟಿದ್ದೂ ಅವರ ಪತ್ನಿ ಉಮಾದೇವಿಯವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2019ರ ಫೆಬ್ರವರಿಯಲ್ಲಿ ಕೋರ್ಟು ಆ ಕೇಸನ್ನು ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯ ತನಿಖೆ ಮಾಡುತ್ತಿದ್ದ ವಿಶೇಷ ತನಿಖಾ ತಂಡಕ್ಕೆ (ಎಸ್‌ಐಟಿ) ಕೊಟ್ಟಿತು. ನಿಗಾ ಇಡುವ ಕೆಲಸ ಹೈಕೋರ್ಟಿನ ಧಾರವಾಡ ಪೀಠಕ್ಕೆ. ಅದೇ ಆಗಸ್ಟ್‌ನಲ್ಲಿ ಚಾರ್ಜ್‌ಶೀಟ್ ಬಿತ್ತು! ಎಲ್ಲ ಕೋರ್ಟಿನ ದೆಸೆಯಿಂದಲೇ ಆಯಿತು ಅನ್ನುವುದಿಲ್ಲ, ಗೌರಿ ಕೇಸಿನಲ್ಲಿ ಸಿಕ್ಕವರಿಂದ ಅರ್ಧ ದಾರಿ ಆಗಲೇ ತೆರೆದಿತ್ತು, ಎರಡೂ ಕಡೆ ಬಳಸಿದ ಪಿಸ್ತೂಲು ಒಂದೇ ಅಂತ ವಿಧಿವಿಜ್ಞಾನ ವರದಿಯೂ ಇತ್ತು. ಆದರೆ ಎರಡು ಫೈಲನ್ನೂ ಒಂದೇ ಮೇಜಿಗೆ ತಂದು ಇಡಿಸಿದ್ದು ಹೊರಗಿನವರು, ಅಲ್ವಾ?

ಕೋರ್ಟಿನ ನಿಗಾ ಅಂದರೆ ಸರ್ವರೋಗಕ್ಕೂ ಮದ್ದಲ್ಲ. ಮಹಾರಾಷ್ಟ್ರದ ವಿಚಾರವಾದಿ ನರೇಂದ್ರ ದಾಭೋಲ್ಕರ್ ಕೊಲೆ ಕೇಸಿನ ಮೇಲೆ ಬಾಂಬೆ ಹೈಕೋರ್ಟು ವರ್ಷಗಟ್ಟಲೆ ಕಣ್ಣಿಟ್ಟಿತ್ತು. 2013ರ ಕೊಲೆಗೆ 2024ರಲ್ಲಿ ತೀರ್ಪು ಬಂತು. ಗುಂಡು ಹಾರಿಸಿದ ಇಬ್ಬರಿಗೆ ಜೀವಾವಧಿ, ಉಳಿದ ಮೂವರು ಖುಲಾಸೆ. ಇನ್ನೊಂದು, ಇಂಥ ಕೇಸುಗಳಲ್ಲಿ ಪ್ರಗತಿ ವರದಿ ಎಷ್ಟೋ ಸಲ ಮುಚ್ಚಿದ ಲಕೋಟೆಯಲ್ಲಿ ಹೋಗುತ್ತದೆ. ಮನೆಯವರಿಗೇ ಅದರಲ್ಲಿ ಏನಿದೆ ಅಂತ ಗೊತ್ತಾಗುವುದಿಲ್ಲ. ಇದು ನನಗೆ ಸುತರಾಂ ಒಪ್ಪಿಗೆಯಿಲ್ಲ.

ಹೆಸರಿಲ್ಲದವರ ಪಾಡು ಇನ್ನೂ ಕಷ್ಟ. ಕೊಲೆ ಆಗಿದ್ದು ನಿಜ, ಮಾಡಿದವರು ಪತ್ತೆಯಿಲ್ಲ ಅಂತ ಸಿ ರಿಪೋರ್ಟ್ ಹಾಕಿದರೆ ಮುಗಿಯಿತು. ಪೊಲೀಸ್ ಸುಧಾರಣೆಯ ಬಗ್ಗೆ ಸುಪ್ರೀಂ ಕೋರ್ಟು ಕೊಟ್ಟ 2006ರ ಪ್ರಕಾಶ್ ಸಿಂಗ್ ತೀರ್ಪಿನ ಮೇಲೆ ಪೊಲೀಸ್ ದೂರು ಪ್ರಾಧಿಕಾರಗಳೇನೋ ಬಂದವು, ಆದರೆ ಅವು ನೋಡುವುದು ಪೊಲೀಸರ ದುರ್ನಡತೆಯನ್ನು. ನಿಂತುಹೋದ ಕೊಲೆ ತನಿಖೆಯನ್ನು ಸುಮ್ನೆ ತೆಗೆದು ಓದಿ, ಈ ಸಾಕ್ಷಿಯನ್ನು ಯಾಕೆ ಕೇಳಲಿಲ್ಲ ಅನ್ನುವ, ಇಲಾಖೆಗೆ ಸೇರದ ಒಂದು ಕಾಯಂ ಮಂಡಳಿ ಬೇಕು. ಸುಪ್ರೀಂ ಕೋರ್ಟಿಗೆ ಹೋಗುವ ಶಕ್ತಿ ಎಷ್ಟು ಮನೆಗಳಿಗಿದೆ ಹೇಳು?

ಅದು ಬರುವವರೆಗೆ, ನೀನು ಹೇಳಿದ ನಿಮ್ಮೂರಿನ ಆ ಕೊಲೆ ಕೇಸಿಗೆ ದಾರಿಯೇ ಇಲ್ಲ ಅಂದುಕೊಳ್ಳಬೇಡ. ತನಿಖೆ ಸರಿಯಾಗಿ ನಡೆಯುತ್ತಿದೆಯೇ ಅಂತ ಮ್ಯಾಜಿಸ್ಟ್ರೇಟರೇ ನೋಡಬಹುದು ಅಂತ 2008ರಲ್ಲೇ ಸಾಕಿರಿ ವಾಸು ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕೇಸು ಮುಚ್ಚುವ ಮುಂಚೆ ದೂರು ಕೊಟ್ಟವರಿಗೆ ನೋಟಿಸ್ ಕೊಟ್ಟು ಅವರ ಮಾತು ಕೇಳಬೇಕು. ಆ ಕೇಸಿನಲ್ಲಿ ಸತ್ತವರ ಅಣ್ಣನಿಗೆ ನೋಟಿಸ್ ಬಂದಿತ್ತಾ, ಮೊದಲು ಅದನ್ನು ಕೇಳು. ಬಂದಿಲ್ಲವಾದರೆ ಪೊಲೀಸರು ಕೋರ್ಟಿಗೆ ಕೊಟ್ಟ ಫೈನಲ್ ರಿಪೋರ್ಟಿನ ನಕಲು ತೆಗೆಸಿ ಕಳಿಸು, ತಕರಾರು ಅರ್ಜಿ ಬರೆಯಲು ವಕೀಲರೊಬ್ಬರನ್ನು ಕೇಳಿದ್ದೇನೆ.

ನಿನ್ನವ