ನಿನ್ನಜ್ಜನ ಹೆಸರು ಹೋಗ್ಲಿಲ್ಲ ಮಾರಾಯ

ಪ್ರೀತಿಯ ಐವನ್,

ಮೊನ್ನೆ ಫೋನಲ್ಲಿ ನೀನು "ಅಜ್ಜ ಹೋಗಿ ವರ್ಷ ಆಯ್ತು, ಇನ್ನು ನಮ್ಮ ಮನೆಯಲ್ಲಿ ಜುವಾಂವ್ ಅನ್ನೋ ಹೆಸರೇ ಇಲ್ಲ" ಅಂದಿಯಲ್ಲ, ಅದು ನನ್ನ ತಲೆಯಿಂದ ಹೋಗ್ಲೇ ಇಲ್ಲ. ದೊಡ್ಡ ಮಗನಿಗೆ ಅಪ್ಪನ ಅಪ್ಪನ ಹೆಸರಿಡೋದು ನಿಮ್ಮಲ್ಲಿ ಹಿಂದಿನಿಂದ ಬಂದ ಕ್ರಮ, ನನಗೆ ಮಾತ್ರ ಸಿಗ್ಲಿಲ್ಲ ಅಂತ ಕಾಲೇಜಿನ ಟೈಮಲ್ಲೂ ನೀನು ಹೇಳ್ತಿದ್ದೆ. ಸಿಕ್ಕಿದೆ ಮಾರಾಯ, ಹುಟ್ಟಿದಾಗಲೇ ಸಿಕ್ಕಿದೆ. ಐವನ್ ಅಂದ್ರೂ ಜುವಾಂವ್ ಅಂದ್ರೂ ಒಂದೇ ಹೆಸರು.

ಕುಲಶೇಖರದ ಮನೆ ಕೊಡುವಾಗ ನಿನ್ನಜ್ಜಿ ನಮ್ಮ ಅಮ್ಮನಿಗೆ ಒಂದು ತಾಮ್ರದ ಕೊಡಪಾನ ಕೊಟ್ಟಿದ್ರು, ನೆನಪುಂಟಾ? ನಿನ್ನೆ ಅದನ್ನ ಅಟ್ಟದಿಂದ ಇಳಿಸಿದೆ. ಕಂಠದ ಕೆಳಗೆ ಚುಕ್ಕಿ ಚುಕ್ಕಿ ಹೊಡೆದು ಕನ್ನಡ ಅಕ್ಷರದಲ್ಲಿ ಜುವಾಂವ್ ಅಂತ ಉಂಟು. ಜು ಅರ್ಧ ಸವೆದು ಹೋಗಿದೆ, ಆದ್ರೆ ವಾ ಪಕ್ಕದ ಸೊನ್ನೆ ಮಾತ್ರ ಬೆರಳಿಗೆ ಸಿಗ್ತದೆ, ಅಷ್ಟು ಗಟ್ಟಿಯಾಗಿ ಹೊಡೆದಿದ್ದಾರೆ.

ಆ ಸೊನ್ನೆ ಎಲ್ಲಿಂದ ಬಂತು ಗೊತ್ತುಂಟಾ? ಮೂಲ ಹೆಸರು ಹೀಬ್ರೂವಿನ ಯೋಹಾನಾನ್. ಯೋ ಅಂದ್ರೆ ಯಾಹ್ವೆ, ದೇವರು. ಹಾನಾನ್ ಅಂದ್ರೆ ಕೃಪೆ ತೋರಿದ. (ಆ್ಯನ್, ಹನ್ನಾ ಕೂಡ ಅದೇ ಬೇರಿಂದ ಬಂದದ್ದು.) ಗ್ರೀಕರ ಬಾಯಲ್ಲಿ ನಡುವಿನ ಹ ಬಿದ್ದು ಹೋಗಿ ಇಯೋಆನ್ನೆಸ್ ಆಯ್ತು, ಅಲ್ಲಿಂದ ಲ್ಯಾಟಿನ್‌ಗೆ ಹೋಗಿ ಯೋಹಾನ್ನೆಸ್, ಅದನ್ನ ಪೋರ್ಚುಗೀಸರು ಸವೆಸಿ ಸವೆಸಿ ನ ಅನ್ನೋದನ್ನ ಮೂಗಿಗೆ ಏರಿಸಿ ಝುವಾಂವ್ ಅಂದ್ರು, ಅದೇ ಹಡಗು ಹತ್ತಿ ಗೋವಾಕ್ಕೆ ಬಂದು ಕೊಂಕಣಿಯಲ್ಲಿ ಜುವಾಂವ್ ಆಯ್ತು. ಅಂದ್ರೆ ಕೊಡಪಾನದ ಆ ಸೊನ್ನೆ ಹೀಬ್ರೂವಿನ ನ. ನಿನ್ನ ಹೆಸರಿನ ಕೊನೆಗೆ ಇರೋದೂ ಅದೇ ನ! ನಿನ್ನದು ಗ್ರೀಕ್‌ನಿಂದ ರಷ್ಯನ್‌ನಂಥ ಸ್ಲಾವ್ ಭಾಷೆಗಳ ಕಡೆ ತಿರುಗಿ ಇವಾನ್ ಆಯ್ತು, ಇಂಗ್ಲಿಷಿನವರು ಅದನ್ನ ಐವನ್ ಅಂತ ಓದಿದ್ರು, ಮಂಗಳೂರಿನವರಿಗೆ ಅದೇ ಇಷ್ಟ ಆಯ್ತು.

ಯ ಹೋಗಿ ಜ ಹೇಗೆ ಬಂತು ಅಂತ ನೀನು ಕೇಳೇ ಕೇಳ್ತೀಯ. ಹೈಸ್ಕೂಲಲ್ಲಿ ತತ್ಸಮ ತದ್ಭವ ಬಾಯಿಪಾಠ ಮಾಡಿದ್ದೇವಲ್ಲ, ಯಾತ್ರೆ ಜಾತ್ರೆ ಆಯ್ತು, ಯೋಗಿ ಜೋಗಿ ಆದ, ಯೌವನ ಜವ್ವನ ಆಯ್ತು. ಅಲ್ಲೂ ಹಾಗೇ ಆದದ್ದು. ನಾಲಿಗೆಗೆ ಯ ದಿಂದ ಜ ಕ್ಕೆ ಜಾರೋದು ಸಲೀಸು.

ಜಾನ್, ಇಟಲಿಯ ಜೊವಾನ್ನಿ, ಸ್ಪೇನಿನ ಹ್ವಾನ್, ಜರ್ಮನಿಯ ಹಾನ್ಸ್, ಐರ್ಲೆಂಡಿನ ಶಾನ್, ಸ್ಕಾಟ್ಲೆಂಡಿನ ಇಯಾನ್ ಎಲ್ಲ ಒಂದೇ ಬಳ್ಳಿ. ನಮ್ಮೂರಿಗೂ ಕುಡ್ಲ, ಕೊಡಿಯಾಲ್, ಮೈಕಾಲ ಅಂತ ಬಾಯಿಗೊಂದು ಹೆಸರುಂಟು, ಆದ್ರೆ ಅವು ಬೇರೆ ಬೇರೆ ಹೆಸರು. ನಿನ್ನದು ಹಾಗಲ್ಲ, ಒಂದೇ ಹೆಸರು ಊರೂರು ಸುತ್ತಿದ್ದು. ನಮ್ಮ ಬಂದರಿನ ಬ್ಯಾರಿಗಳಲ್ಲಿ ಯಹ್ಯಾ ಅಂತ ಇಡ್ತಾರಲ್ಲ, ಕುರಾನಿನ ಆ ಯಹ್ಯಾ ಕೂಡ ಬೈಬಲ್‌ನ ಸ್ನಾನಿಕ ಯೋಹಾನನೇ.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದುಂಟು. ಲೂಕನ ಸುವಾರ್ತೆಯ ಮೊದಲ ಅಧ್ಯಾಯ ತೆಗೆದು ನೋಡು. ಆ ಸ್ನಾನಿಕ ಯೋಹಾನ ಹುಟ್ಟಿದಾಗ ನೆಂಟರಿಷ್ಟರೆಲ್ಲ ಸೇರಿ ಮಗುವಿಗೆ ಅಪ್ಪನ ಹೆಸರು ಜಕರೀಯ ಅಂತಲೇ ಇಡುವ ಅಂತಾರೆ, ತಾಯಿ ಎಲಿಸಬೇತ್ ಬೇಡ, ಯೋಹಾನ ಅಂತ ಇಡ್ಬೇಕು ಅಂತಾಳೆ, ನಿಮ್ಮ ಕುಟುಂಬದಲ್ಲಿ ಆ ಹೆಸರಿನವರು ಯಾರೂ ಇಲ್ವಲ್ಲ ಅಂತ ಇವರು. ಮಾತು ನಿಂತು ಹೋಗಿದ್ದ ಜಕರೀಯ ಹಲಗೆ ತರಿಸಿ "ಅವನ ಹೆಸರು ಯೋಹಾನ" ಅಂತ ಬರೀತಾನೆ, ಆಗ ಅವನಿಗೆ ಬಾಯಿ ಬರ್ತದೆ. ಕುರಾನಿನಲ್ಲೂ ಈ ಹೆಸರನ್ನ ಹಿಂದೆ ಯಾರಿಗೂ ಕೊಟ್ಟಿರ್ಲಿಲ್ಲ ಅಂತ ಬರ್ತದೆ. ನಿನ್ನ ನಾಮಕರಣದ ದಿನವೂ ಮನೆಯಲ್ಲಿ ಇದೇ ಮಾತಾಯ್ತಂತೆ, ಅಮ್ಮ ಈಗಲೂ ಹೇಳ್ತಾರೆ. ಐವನ್ ಅಂತ ಯಾರಿದ್ದಾರೆ ನಮ್ಮಲ್ಲಿ ಅಂತ ಎಲ್ಲರೂ ಕೇಳ್ತಿದ್ರೆ ನಿನ್ನಜ್ಜ ಒಬ್ರೇ ಏನೂ ಹೇಳದೆ ನಿನ್ನನ್ನ ಎತ್ತಿಕೊಂಡು ಜಗಲಿಗೆ ಹೋದ್ರಂತೆ.

ಕೊಡಪಾನ ಹುಣಸೆಹುಳಿ ಹಾಕಿ ತೊಳೆದಿಟ್ಟಿದ್ದೇನೆ. ಅಕ್ಷರ ಇರೋ ಕಡೆ ತಿಕ್ಕಬೇಡಿ ಅಂತ ಅಮ್ಮನಿಗೂ ಹೇಳಿದ್ದೇನೆ. ಡಿಸೆಂಬರಿಗೆ ಬರ್ತೀಯಲ್ಲ, ತಗೊಂಡು ಹೋಗು, ಅದರ ಮೇಲಿರೋದು ನಿನ್ನದೇ ಹೆಸರು.

ನಿನ್ನ ಗೆಳೆಯ