ಅಗಲಿದ ಹಿರಿಯರ ಬದುಕೂ ಅಚ್ಚಾಗಲಿ

ಊರಿನ ಹಿರಿಯರು ತೀರಿಕೊಂಡಾಗ ಪತ್ರಿಕೆಗಳಲ್ಲಿ ಅವರ ವಯಸ್ಸು, ಪ್ರಶಸ್ತಿ, ಬಂಧುಬಳಗದ ವಿವರ ಬರುತ್ತದೆ. ಅವರು ಬದುಕಿದ ರೀತಿ ಬರುವುದಿಲ್ಲ. ಅಂಕೋಲಾದ ಹಾಲಕ್ಕಿ ಸಮುದಾಯ 2024ರ ಡಿಸೆಂಬರ್‌ನಲ್ಲಿ ಹೊನ್ನಳ್ಳಿಯ ತುಳಸಿ ಗೌಡರನ್ನು, 2025ರ ಫೆಬ್ರುವರಿಯಲ್ಲಿ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ಕಳೆದುಕೊಂಡಿತು. ತುಳಸಜ್ಜಿ ಬರಿಗಾಲಲ್ಲಿ ಪದ್ಮಶ್ರೀ ಪಡೆದ ಫೋಟೊ ಎಲ್ಲರಿಗೂ ಗೊತ್ತು. ಆದರೆ ಶಾಲೆ ಮೆಟ್ಟಿಲು ಹತ್ತದ ಅವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿ ಮಾಡುತ್ತಲೇ ಯಾವ ತಾಯಿಮರದ ಬೀಜ ಯಾವಾಗ ಆರಿಸಬೇಕೆಂದು ಕಲಿತ ಕಥೆ ಎಷ್ಟು ಜನರಿಗೆ ಗೊತ್ತು? ಸುಕ್ರಜ್ಜಿಯ ಹಾಡು ನೆನಪಿದೆ, ಸಾರಾಯಿ ವಿರುದ್ಧ ಊರ ಹೆಂಗಸರನ್ನು ಕಟ್ಟಿಕೊಂಡು ನಿಂತದ್ದು ಮರೆಯುತ್ತಿದೆ.

ಇವರಿಬ್ಬರಿಗೂ ಪದ್ಮಶ್ರೀ ಇತ್ತು, ಅಷ್ಟಾದರೂ ಸುದ್ದಿಯಾಯಿತು ಅಲ್ವಾ? ಪ್ರಶಸ್ತಿ ಬಾರದ ಹಾಡುಗಾರ್ತಿಯರು, ಸುಗ್ಗಿ ಕುಣಿತಕ್ಕೆ ತುರಾಯಿ ಕಟ್ಟುವವರು ಸುಮ್ನೆ ಹೋಗಿಬಿಡುತ್ತಾರೆ. ಅವರ ಹಾಡೂ ಜೊತೆಗೇ ಹೋಗುತ್ತದೆ.

ಜಿಲ್ಲಾ ಪುಟದಲ್ಲಿ ವಾರಕ್ಕೊಮ್ಮೆ ಅರ್ಧ ಕಾಲಂ ಇವರಿಗೆ ಮೀಸಲಿಡಿ. ಮನೆಯವರು, ನೆರೆಯವರು ಹೇಳಿದ್ದನ್ನೇ ಬರೆದರೆ ಸಾಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಆ ತುಣುಕುಗಳನ್ನು ಕತ್ತರಿಸಿ ಒಂದು ಫೈಲ್‌ನಲ್ಲಿ ಇಡಲಿ. ಇರುವ ಅಜ್ಜಿಯರ ಹಾಡನ್ನು ಈಗಲೇ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಲಿ.

– ಒಬ್ಬ ಓದುಗ, ಅಂಕೋಲಾ