ಸುಲಿತದ ಜಗಲಿಯಲ್ಲಿ ಹೇಳಲಾಗದ ಮಾತು

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು, "ಅಮ್ಮ, ಸೀನಿದರೆ ಒಂದೆರಡು ಹನಿ ಮೂತ್ರ ಹೋಗಿಬಿಡುತ್ತೆ, ಇದು ಮಾಮೂಲಾ?" ಎಂದು ಕೇಳಿದೆ. ಜಗಲಿಯಲ್ಲಿ ಅಡಿಕೆ ಸುಲಿಯುವವರು ಕೂತಿದ್ದರು. "ಆಮೇಲೆ ಮಾತಾಡ್ತೀನಿ" ಎಂದು ಇಟ್ಟುಬಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ನಿನ್ನ ಅಜ್ಜಿಯೂ ನನಗೆ ಹೀಗೇ ಮಾಡಿದ್ದಳು.

ನೀನು ಹುಟ್ಟಿದ ಮೇಲೆ ನನಗೂ ಇದು ಶುರುವಾಗಿತ್ತು. "ಹೆತ್ತವರಿಗೆಲ್ಲ ಇದ್ದದ್ದೇ" ಎಂದಳು ಅಜ್ಜಿ. ಮೂರನೇ ತಿಂಗಳಿಗೇ ನಾನು ಗೊಬ್ಬರದ ಹೆಡಿಗೆ ಹೊತ್ತೆ. ಒಂದು ವರ್ಷ ಸುಲಿತದ ಹೊತ್ತಿನಲ್ಲಿ ಯಾರೋ ಏನೋ ಹೇಳಿದರು, ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನನ್ನ ಸೀರೆ ಒದ್ದೆಯಾಯಿತು. ಎಲ್ಲರೂ ಎದ್ದು ಹೋಗುವವರೆಗೂ ಮೆಟ್ಟುಗತ್ತಿಯ ಮುಂದೆ ಕೂತೇ ಇದ್ದೆ. ಆಮೇಲೆ ಬಸ್ಸು ಹತ್ತುವ ದಿನ ನೀರೇ ಕುಡಿಯುತ್ತಿರಲಿಲ್ಲ. ಅದೂ ತಪ್ಪು. ಮೂತ್ರ ಗಟ್ಟಿಯಾದರೆ ಮೂತ್ರಚೀಲಕ್ಕೆ ಉರಿ, ಮಲಬದ್ಧತೆ ಬೇರೆ. ಒಬ್ಬ ಡಾಕ್ಟರಿಗೆ ಹೇಳಿದರೆ "ವಯಸ್ಸಾಯ್ತಲ್ಲ" ಎಂದರು. ಆಗ ನನಗೆ ನಲವತ್ತೂ ಆಗಿರಲಿಲ್ಲ.

ಹೋದ ವರ್ಷ ಶಿವಮೊಗ್ಗದಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಸಿಕ್ಕರು. ಸಮಾಧಾನವಾಗಿ ಕೂರಿಸಿ ಹೇಳಿದರು. ನಿನ್ನನ್ನು ಮಲಗಿಸುತ್ತಿದ್ದ ಸೀರೆಯ ಜೋಲಿ ನೆನಪಿದೆಯಾ? ನಮ್ಮೊಳಗೂ ಅಂಥದ್ದೊಂದಿದೆ. ಮುಂದೆ ಕಿಬ್ಬೊಟ್ಟೆಯ ಕೆಳಗಿನ ಮೂಳೆಗೆ, ಹಿಂದೆ ಬೆನ್ನಿನ ತುದಿಯ ಬಾಲದ ಮೂಳೆಗೆ ಕಟ್ಟಿದ ಸ್ನಾಯುಗಳ ಜೋಲಿ. ಪೆಲ್ವಿಕ್ ಫ್ಲೋರ್ ಅಂತಾರೆ. ಮೂತ್ರಚೀಲ, ಗರ್ಭಕೋಶ, ಕರುಳಿನ ತುದಿ ಎಲ್ಲ ಅದರ ಮೇಲೇ ಕೂತಿವೆ. ಮೂತ್ರ, ಮಲ ತಡೆಯುವುದೂ ಬಿಡುವುದೂ ಅದರ ಕೆಲಸ. ಉಸಿರು ಎಳೆದಾಗ ಸ್ವಲ್ಪ ಇಳಿಯುತ್ತದೆ, ಬಿಟ್ಟಾಗ ಏಳುತ್ತದೆ. ಬಸಿರು, ಹೆರಿಗೆ, ಭಾರ ಹೊರುವುದು, ಬಿಡದ ಕೆಮ್ಮು, ಮಲಕ್ಕೆ ಕೂತು ತಿಣುಕುವುದು, ಇವೆಲ್ಲ ಅದನ್ನು ಜಗ್ಗುತ್ತವೆ. ತೀರಾ ಸಡಿಲವಾದರೆ ಗರ್ಭಕೋಶವೇ ಜಾರಬಹುದು. ದೊಡ್ಡಮ್ಮನಿಗೆ ಆಗಿದ್ದು ಅದೇ. ಪಾಪ, ಎಷ್ಟು ವರ್ಷ ಯಾರಿಗೂ ಹೇಳದೆ ಕೊಟ್ಟಿಗೆ ಕೆಲಸ ಮಾಡಿದಳು!

ಕೈಕಾಲಿನ ಸ್ನಾಯುವಿನ ಹಾಗೇ ಇದನ್ನೂ ಪಳಗಿಸಬಹುದು. 1948ರಲ್ಲೇ ಅಮೆರಿಕದ ಕೆಗೆಲ್ ಎಂಬ ಡಾಕ್ಟರು ಈ ವ್ಯಾಯಾಮದ ಬಗ್ಗೆ ಬರೆದಿದ್ದರಂತೆ. ನಮ್ಮ ಜಗಲಿಗೆ ಬರಲು ಇಷ್ಟು ವರ್ಷ ಬೇಕಾಯಿತು ನೋಡು.

ಮಾಡುವುದು ಹೀಗೆ. ಹಿಂದಿನಿಂದ ಹೋಗುವ ಗಾಳಿ, ಮೂತ್ರ ಎರಡನ್ನೂ ಒಟ್ಟಿಗೆ ತಡೆಯುವವಳ ಹಾಗೆ ಒಳಕ್ಕೆ, ಮೇಲಕ್ಕೆ ಎಳೆದುಕೋ. ಐದು ಎಣಿಸು. ಉಸಿರು ಕಟ್ಟಬೇಡ. ಹೊಟ್ಟೆ, ತೊಡೆ ಬಿಗಿಯಬೇಡ. ಆಮೇಲೆ ಪೂರ್ತಿ ಬಿಡು, ಮತ್ತೆ ಐದು ಎಣಿಸು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಬಿಡುವುದನ್ನು ಮರೆಯಬೇಡ ಪುಟ್ಟಿ. ಸದಾ ಬಿಗಿಯಾಗಿದ್ದರೂ ನೋವು ಬರುತ್ತದೆ, ಹೆರಿಗೆಯಲ್ಲಂತೂ ಅದು ಸಡಿಲವಾಗಲೇಬೇಕು. ಮೂತ್ರ ಮಾಡುವಾಗ ತಡೆದು ಅಭ್ಯಾಸ ಮಾಡಬೇಡ, ಚೀಲ ಸರಿಯಾಗಿ ಖಾಲಿಯಾಗುವುದಿಲ್ಲ. ಸೀನು ಬರುವ ಮುಂಚೆ ಒಮ್ಮೆ ಎಳೆದುಕೊಂಡರೆ ಹನಿ ನಿಲ್ಲುತ್ತದೆ. ನಾನು ಮೊದಮೊದಲು ತಿರುಗಾಮುರುಗಾ ಕೆಳಕ್ಕೆ ಒತ್ತುತ್ತಿದ್ದೆ. ಆ ಫಿಸಿಯೋಥೆರಪಿಸ್ಟ್ ನೋಡಿ ತಿದ್ದಿದರು. ಮೂರು ತಿಂಗಳಾಗುವಾಗ ಎಷ್ಟೋ ಕಡಿಮೆಯಾಗಿತ್ತು.

ನಿನಗೆ ಈಗ ಆರನೇ ತಿಂಗಳು. ಬಸಿರಿನಲ್ಲೇ ಶುರು ಮಾಡಿದರೆ ಹೆರಿಗೆಯ ನಂತರ ಸೋರುವುದು ಕಡಿಮೆ. ನಿನ್ನ ಡಾಕ್ಟರನ್ನೂ ಒಂದು ಮಾತು ಕೇಳು, ನಾಚಬೇಡ. ಬಾಣಂತನದಲ್ಲಿ ಎಣ್ಣೆ-ನೀರು, ಮೆಣಸಿನ ಸಾರು ಎಲ್ಲ ಇರುತ್ತದೆ. ಆದರೆ ಹೊಟ್ಟೆಗೆ ಬಟ್ಟೆ ಬಿಗಿದು ಕಟ್ಟುವುದು ಬೇಡ. ಒತ್ತಡವೆಲ್ಲ ಕೆಳಕ್ಕೇ ಹೋಗುತ್ತದೆ ಅಂದರು ಆ ಫಿಸಿಯೋಥೆರಪಿಸ್ಟ್. ಅಜ್ಜಿಗೆ ನಾನೇ ಹೇಳುತ್ತೇನೆ.

ಊರಿಗೆ ಬರುವಾಗ ಶಿವಮೊಗ್ಗದಲ್ಲೇ ಇಳಿದುಕೋ. ನಾನು ಸ್ಟೇಷನ್ನಿಗೆ ಬಂದಿರುತ್ತೇನೆ. ಇಬ್ಬರೂ ಅವರ ಹತ್ತಿರ ಹೋಗಿ, ಆಮೇಲೆ ಮನೆಗೆ ಬರೋಣ.

ನಿನ್ನ ಅಮ್ಮ